ಬ್ಯಾಟರಿ ಎತ್ತು

ಕೃಷ್ಣೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿ ಸಂಗಯ್ಯಜ್ಜ ಎಂಬ ಗುರು, ಅಯ್ಯಣ್ಣ ಎಂಬ ಶಿಷ್ಯ, ಇಬ್ಬರಿಗೂ ರೊಟ್ಟಿ ಬಡಿಯುವ ತಿಪ್ಪವ್ವ.

ಅಯ್ಯಣ್ಣ ಅಂಬಿಗರ ಮನೆಯವನು, ಗಟ್ಟಿ ಆಳು. ಆದರೆ ಅವನಿಗೆ ಒಂದೇ ಹಂಬಲ. ಯಾವ ಹೊರೆಯೂ ಇಲ್ಲದೆ ಹಗುರಾಗಬೇಕು. ನೀರು ತರುವ ಕೆಲಸ ಕೊಟ್ಟರೆ ಬಂದ ಭಕ್ತರ ತಲೆಗೆ ಕಟ್ಟುತ್ತಿದ್ದ. ಕಸ ಹೊಡೆಯುವ ಕೆಲಸ ಕೊಟ್ಟರೆ ಗಾಳಿಗೆ ಬಿಡುತ್ತಿದ್ದ.

ಒಂದು ಮುಂಜಾನೆ ಅವನು ಗುರುವಿನ ಕಾಲು ಹಿಡಿದ.

"ಅಜ್ಜಾರ, ನನ್ನ ಬಿಟ್ಟುಬಿಡ್ರಿ. ಗುಡ್ಡದ ಗವಿಯೊಳಗ ಕುಂದರ್ತೀನಿ. ಇಲ್ಲಿದ್ರ ದಿನಾ ಒಂದೊಂದು ಭಾರ ಹೊರಸ್ತೀರಿ."

"ಹೋಗುವಂತಿ," ಎಂದರು ಅಜ್ಜ. "ದೋಣಿ ಒಂದು ಹೊಳಿಗೆ ಇಳಿಸಿ ಹೋಗು."

"ಯಾವಾಗ ಇಳಿಸೂದ್ರಿ?"

"ಹೊಳಿ ಕೇಳಿದಾಗ."

ದೋಣಿ ಮಠದ ಅಂಗಳದಲ್ಲಿ ಟ್ರಾಲಿಯ ಮೇಲೆ ಕೂತಿತ್ತು. ಹೊಳೆಯಲ್ಲಿ ಕಟ್ಟಿದ್ದ ಹಳೆಯ ದೋಣಿಯನ್ನು ನೆರೆ ಒಯ್ದ ಮೇಲೆ ಅಜ್ಜ ಹೊಸದನ್ನು ಮಠದೊಳಗೇ ಇರಿಸಿಕೊಂಡಿದ್ದರು. ನೆರೆ ಬಂದಾಗ ಊರಿಗೆ ಊರೇ ಬಂದು, ಹಗ್ಗ ಹಿಡಿದು, "ಐಸಾ" ಎಂದು ಕೂಗಿ ಅದನ್ನು ಹೊಳೆಗೆ ಇಳಿಸುವುದು ರೂಢಿ. ಮಠದ ಅಗಸಿ ಬಾಗಿಲು ಕಿರಿದು, ಟ್ರ್ಯಾಕ್ಟರ್ ಒಳಗೆ ಬರುವಂತಿರಲಿಲ್ಲ.

ಈ ವರ್ಷ ಭಕ್ತನೊಬ್ಬ ಒಂದು ಯಂತ್ರ ಕೊಟ್ಟಿದ್ದ. ಎರಡು ದಪ್ಪ ಗಾಲಿ, ಹೊಟ್ಟೆಯಲ್ಲಿ ಬ್ಯಾಟರಿ, ಉದ್ದನೆಯ ಹಿಡಿಕೆ. ಬಂಡಿಗೆ ಇರುವಂತೆ ಟ್ರಾಲಿಗೂ ಮುಂದಕ್ಕೆ ಚಾಚಿದ ಒಂದು ಮೂಕಿ ಇತ್ತು. ಆ ಮೂಕಿಯನ್ನು ಯಂತ್ರದ ಕೊಕ್ಕೆಗೆ ಕೂಡಿಸಿ ಗುಂಡಿ ಒತ್ತಿದರೆ, ಹಿಡಿಕೆ ಹಿಡಿದು ನಡೆಯುವ ಒಬ್ಬನೇ ಇಡೀ ದೋಣಿಯನ್ನು ಒಯ್ಯಬಹುದು. ತಿಪ್ಪವ್ವ ಅದಕ್ಕೆ ಕುಂಕುಮ ಹಚ್ಚಿ, ಬ್ಯಾಟರಿ ಎತ್ತು ಎಂದು ಹೆಸರಿಟ್ಟಿದ್ದಳು.

ಅದನ್ನು ನಡೆಸುವುದು ಕಲಿತುಕೋ ಎಂದು ಅಜ್ಜ ಹೇಳಿದಾಗ ಅಯ್ಯಣ್ಣ "ಹೂಂ" ಎಂದಿದ್ದ. ಕಲಿತಿರಲಿಲ್ಲ.

ಹೊಳೆ ಕೇಳಿದ್ದು, ಊರೆಲ್ಲ ಮದುವೆ ದಿಬ್ಬಣ ಹೋದ ದಿನವೇ.

ಮೇಲೆ ಚುರುಕು ಬಿಸಿಲು, ಒಂದು ಹನಿ ಮಳೆಯಿಲ್ಲ. ಆದರೂ ದೂರದ ಅಣೆಕಟ್ಟಿನಿಂದ ಬಿಟ್ಟ ನೀರು ಮಧ್ಯಾಹ್ನಕ್ಕೆ ಕೆಂಪಗೆ ಬಂತು. ದಿಬ್ಬಣದ ದಾರಿಯ ಸೇತುವೆ ಮುಳುಗಿ, ಊರಿನ ಜನ ಆಚೆಯೇ ಉಳಿದರು.

ಹೊಳೆಯ ನಡುಗಡ್ಡೆಯಲ್ಲಿ ನಾಲ್ಕಾರು ಮನೆಗಳಿದ್ದವು. ನೀರು ಹೊಸ್ತಿಲು ಮುಟ್ಟಿದರೆ ಬೇವಿನ ಮರಕ್ಕೆ ಕೆಂಪು ಸೀರೆ ಕಟ್ಟುವುದು ಅಲ್ಲಿಯವರ ಪದ್ಧತಿ. ಒಂದು ಸೀರೆ ಎಂದರೆ, ಬನ್ನಿ. ಎರಡು ಸೀರೆ ಎಂದರೆ, ಇನ್ನು ನಮ್ಮ ಕೈಯಲ್ಲಿಲ್ಲ.

ತಿಪ್ಪವ್ವ ಮಾಳಿಗೆಯ ಮೇಲಿಂದ ಕೂಗಿದಳು. "ಅಜ್ಜಾರ, ಸೀರಿ ಕಟ್ಯಾರ್ರಿ! ನಡಿಯಾಕ ಬರದ ನಮ್ಮಕ್ಕ ಅಲ್ಲೇ ಅದಾಳ್ರಿ!"

ಅಜ್ಜ ಶಿಷ್ಯನ ಕಡೆ ನೋಡಿದರು. "ತಮ್ಮಾ, ಹೊಳಿ ಕೇಳಾಕತ್ತೈತಿ."

ಅಯ್ಯಣ್ಣ ಓಡಿದ. ಮೊದಲು ಮಾಡಿದ ಕೆಲಸವೆಂದರೆ ದೋಣಿಯನ್ನು ಹಗುರ ಮಾಡಿದ್ದು. ಮುಂಭಾಗದಲ್ಲಿದ್ದ ಲಂಗರು, ಹಗ್ಗದ ಸುರುಳಿ, ನೀರಿನ ಕ್ಯಾನು, ಎಲ್ಲವನ್ನೂ ತೆಗೆದು ಹೊರಗೆ ಎಸೆದ. ಹಿಂದಿನ ಮೋಟಾರು ಮಾತ್ರ ಇದ್ದಲ್ಲೇ ಇತ್ತು. ಅದಿಲ್ಲದೆ ಹೊಳೆ ದಾಟುವುದುಂಟೇ? ಆಮೇಲೆ ಮೂಕಿಯನ್ನು ಯಂತ್ರದ ಕೊಕ್ಕೆಗೆ ಕೂಡಿಸಿದ.

ಗುಂಡಿ ಒತ್ತಿದ. ಯಂತ್ರದ ಗಾಲಿಗಳು ಗಿರ್ರನೆ ತಿರುಗಿದವು, ಉಸುಕು ಅವನ ಮುಖಕ್ಕೇ ಹಾರಿತು. ದೋಣಿ ಕೂದಲಷ್ಟೂ ಕದಲಲಿಲ್ಲ.

ಹೆಗಲು ಕೊಟ್ಟು ನೂಕಿದ. ಗಾಲಿ ತನ್ನ ಕುಣಿಯನ್ನು ತಾನೇ ತೋಡಿಕೊಂಡಿತು.

"ಅಜ್ಜಾರ, ಭಾಳ ವಜ್ಜ ಐತ್ರಿ. ಇನ್ನೇನು ಇಳಸಲಿ?"

"ಜ್ವಾಳದ ಚೀಲ ತಾ."

"ಯಾಕ್ರಿ?"

"ಮೂಕಿ ಮ್ಯಾಲ ಹೇರು."

"ಅಜ್ಜಾರ! ಹಿಂಗೇ ಅಲುಗಾಡವಲ್ದು. ಮ್ಯಾಲೊಂದು ಚೀಲ ಹೇರಂತೀರಿ!"

"ನೀ ತರ್ತೀಯೋ, ನಾ ಹೊರಲೋ?"

ಅಯ್ಯಣ್ಣ ಗೊಣಗುತ್ತ ಚೀಲ ಹೊತ್ತು ತಂದ. ಗಾಯದ ಮೇಲೆ ಬರೆ ಎಂದರೆ ಇದೇ ಎನ್ನಿಸಿತು ಅವನಿಗೆ. ಚೀಲವನ್ನು ಮೂಕಿಯ ಮೇಲೆ ಕೆಡವಿ ಗುಂಡಿ ಒತ್ತಿದ. ಗಾಲಿ ಈ ಸಲವೂ ಜಾರಿತು, ಆದರೆ ಮೊದಲಿನಷ್ಟು ಅಲ್ಲ.

"ಇನ್ನೊಂದು," ಎಂದರು ಅಜ್ಜ.

ಇನ್ನೊಂದು ಬಂತು. ಗಾಲಿಯ ಕುಣಿಗೆ ಅಜ್ಜ ತಾವೇ ಗೋಣಿತಟ್ಟು ತುರುಕಿದರು. ಆಮೇಲೆ ಪಂಜೆ ಎತ್ತಿ ಕಟ್ಟಿ, ಚೀಲಗಳ ಮೇಲೆ ಹತ್ತಿ, ಪೂಜೆಗೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತರು.

"ಈಗ ಒತ್ತು."

ಭಾರಕ್ಕೆ ಗಾಲಿ ನೆಲ ಕಚ್ಚಿತು. ಟ್ರಾಲಿ ಒಮ್ಮೆ ನರಳಿತು. ಊರಿಗೆ ಊರೇ ಎಳೆಯುತ್ತಿದ್ದ ದೋಣಿ ಒಬ್ಬನ ಕೈಯಲ್ಲಿ ಹೊರಟಿತು.

"ಉಘೇ! ಉಘೇ!" ಎಂದು ತಿಪ್ಪವ್ವ ಮಾಳಿಗೆಯ ಮೇಲೆ ಕುಣಿದಳು.

ಅಯ್ಯಣ್ಣನಿಗೆ ಹುರುಪು ಬಂತು. ಹಲ್ಲು ಕಚ್ಚಿ ಮತ್ತೆ ಹೆಗಲು ಕೊಟ್ಟು ನೂಕತೊಡಗಿದ.

"ಎತ್ತು ಹೂಡಿದ ಮ್ಯಾಲ ನೀ ಯಾಕ ನೊಗಕ್ಕ ಹೆಗಲು ಕೊಡ್ತಿ?" ಎಂದರು ಅಜ್ಜ. "ಸುಮ್ನ ನಡಿ."

ದೋಣಿಯ ಬಾಲ ಮುಂದೆ, ಹಿಡಿಕೆ ಹಿಡಿದ ಅಯ್ಯಣ್ಣ ಹಿಂದೆ. ಅವನಿಗೆ ಮುಖ ಮಾಡಿ, ಹೋಗುವ ದಾರಿಗೆ ಬೆನ್ನು ಕೊಟ್ಟು ಅಜ್ಜ.

ಅಗಸಿ ಬಂತು. ಆ ಕಡೆ ಕಲ್ಲಿನ ಕಂಬ, ಈ ಕಡೆ ಕಲ್ಲಿನ ಕಂಬ. ಅಯ್ಯಣ್ಣ ಹಿಡಿಕೆಯನ್ನು ಬಲಕ್ಕೆ ಒಯ್ದ. ದೋಣಿಯ ಬಾಲ ಎಡಕ್ಕೆ ಹೊರಳಿ, ಮೋಟಾರು ಕಂಬಕ್ಕೆ ತಾಗುವಷ್ಟು ಹತ್ತಿರ ಹೋಯಿತು. ಗುಂಡಿ ಬಿಟ್ಟ. ಯಂತ್ರ ನಿಂತಲ್ಲೇ ನಿಂತಿತು.

"ಅಜ್ಜಾರ, ಯಾವ ಕಡಿ ತಿರುಗಸಲಿ?"

ಅಜ್ಜ ಕಣ್ಣು ಮುಚ್ಚಿಕೊಂಡಿದ್ದರು. "ನಾ ಭಾರ ಅದೀನಿ. ಭಾರಕ್ಕೇನು ಕೇಳ್ತಿ?"

"ಮೋಟಾರು ಒಡದ್ರ ಅವರನ್ನ ಕರಕೊಂಡು ಬರೂದು ಹ್ಯಾಂಗ್ರಿ?"

"ಹೌದು. ಹ್ಯಾಂಗ?"

ಆಗ ಮಾಳಿಗೆಯಿಂದ ತಿಪ್ಪವ್ವನ ದನಿ ಸೀಳಿ ಬಂತು. "ಅಯ್ಯಣ್ಣಾ! ಎರಡನೇ ಸೀರಿ!"

ಗವಿಯ ನೆನಪು ಅವನಿಗೆ ಎಲ್ಲಿ ಹೋಯಿತೋ. ಹಿಡಿಕೆಯಿಂದ ಕಣ್ಣು ಕಿತ್ತು ದೋಣಿಯ ಬಾಲ ನೋಡಿದ. ನನ್ನ ಕೈ ಬಲಕ್ಕೆ ಹೋದರೆ ಅದು ಎಡಕ್ಕೆ ಬರುತ್ತದೆ, ಅಷ್ಟೇ ತಾನೆ! ಯಂತ್ರವನ್ನು ತುಸು ಹಿಂದಕ್ಕೆ ತಂದ. ಹಿಡಿಕೆಯನ್ನು ಎಡಕ್ಕೆ ಒಯ್ದು ಬಾಲವನ್ನು ನೇರ ಮಾಡಿದ. ಉಸಿರು ಹಿಡಿದು ನಡೆದ.

ಎರಡೂ ಕಡೆ ಅಂಗೈಯಗಲ ಬಿಟ್ಟು ದೋಣಿ ಅಗಸಿ ದಾಟಿತು.

ಇಳಿಜಾರಿನಲ್ಲಿ ದೋಣಿ ತಾನೇ ಓಡಿಬಿಡುತ್ತದೆಂದು ಅಯ್ಯಣ್ಣ ಹೆದರಿದ. ಓಡಲಿಲ್ಲ. ಗಾಲಿಗಳು ನೆಲ ಕಚ್ಚಿಕೊಂಡೇ ಹೆಜ್ಜೆ ಹೆಜ್ಜೆಗೆ ಇಳಿದವು. ಅಜ್ಜ ಚೀಲಗಳ ಮೇಲೆ ತೂಗುತ್ತ, ಮೈಮೇಲೆ ಬಿಸಿಲು ಹೊಯ್ಸಿಕೊಳ್ಳುತ್ತ, ಮೆರವಣಿಗೆಯ ಮದುಮಗನ ಹಾಗೆ ಹಿಮ್ಮುಖವಾಗಿ ಹೊಳೆಗೆ ಹೋದರು.

ನೀರು ಬಾಲ ಮುಟ್ಟಿತು. ದೋಣಿ ಅಲುಗಿತು. ಆಮೇಲೆ ತಾನೇ ಎದ್ದು ತೇಲಿತು.

ಅಯ್ಯಣ್ಣ ಕಿರುಚಿದ. ಅಂಥ ದನಿ ತನ್ನಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಯಂತ್ರ ಬಿಟ್ಟು ದೋಣಿಯತ್ತ ಓಡುವಾಗ ಕೆಸರಿನಲ್ಲಿ ಜಾರಿ ಬಿದ್ದ. ಎದ್ದು ಇನ್ನೊಮ್ಮೆ ಬಿದ್ದ. ನಗುತ್ತಲೇ ದೋಣಿ ಹತ್ತಿದ.

ನೀರಿನ ಮೇಲೆ ಅವನಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಸೆಳವಿಗೆ ಓರೆಯಾಗಿ ಹೋದ, ಓರೆಯಾಗಿ ಬಂದ. ಹೆಂಗಸರು ಬಂದರು, ಕೂಸುಗಳು ಬಂದವು, ಆಡು ಬಂದವು, ಬುಟ್ಟಿಯೊಳಗೆ ಕೋಳಿ ಬಂದವು. ಹೊತ್ತು ಮುಳುಗುವ ಮೊದಲು ಕೊನೆಯ ಸಲ ಹೋಗಿ, ಬೇವಿನ ಮರದ ಎರಡೂ ಸೀರೆಗಳನ್ನು ಬಿಚ್ಚಿ ತಂದ. ಗಡ್ಡೆಯಲ್ಲಿ ಒಂದು ಜೀವವೂ ಉಳಿದಿರಲಿಲ್ಲ.

ದಂಡೆಯಲ್ಲಿ ಜಾತ್ರೆಯಂಥ ಗದ್ದಲ. ಅತ್ತವರು, ನಕ್ಕವರು, ಬ್ಯಾಟರಿ ಎತ್ತಿಗೆ ಕೈಮುಗಿದವರು.

ಕೊನೆಗೆ ದೋಣಿಯಿಂದ ಇಳಿದವಳು ತಿಪ್ಪವ್ವನ ಅಕ್ಕ ಗುರಸಿದ್ದವ್ವ, ಅಯ್ಯಣ್ಣನ ಬೆನ್ನಿನ ಮೇಲೆ. ಅವನು ಆಕೆಯನ್ನು ಹೊತ್ತು ಕೆಸರಿನ ದಂಡೆ ಏರುತ್ತಿದ್ದ. ಅಜ್ಜ ಎದುರಿಗೆ ನಿಂತರು.

"ದೋಣಿ ಇಳಿಸಿದಿ ತಮ್ಮಾ. ಮಾತು ಮಾತೇ. ಗವಿಗೆ ಹೋಗುವಂತಿ."

ಅಯ್ಯಣ್ಣ ನಿಂತ. ತನ್ನ ಕಾಲು ನೋಡಿಕೊಂಡ. ಅವನ ಕಣ್ಣು ತುಂಬಿ ಬಂತು.

"ಅಜ್ಜಾರ, ಮಧ್ಯಾಹ್ನ ಖಾಲಿ ಕೈಲೆ ಓಡುವಾಗ ಇಲ್ಲೇ ಎರಡು ಸಲ ಬಿದ್ದಿನ್ರಿ. ಈಗ ಕಾಲು ನೆಲಾ ಕಚ್ಚಿ ಹಿಡದಾವ್ರಿ."

ಬೆನ್ನ ಮೇಲಿನ ಗುರಸಿದ್ದವ್ವ ಸಂಕೋಚಪಟ್ಟಳು. "ವಜ್ಜ ಆದ್ನೇನೋ ಯಪ್ಪಾ? ಇಲ್ಲೇ ಇಳಸು."

ಅಜ್ಜ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಇಳಸಬ್ಯಾಡ. ಏರು ಇನ್ನೂ ಐತಿ."