ಚಮಚದ ಉಪಚಾರ

ಈ ಸಲ ಒಂದಕ್ಷರಾನೂ ಸುಳ್ಳಿಲ್ಲ ಕಣೇ ಪುಟ್ಟಿ, ನಿಮ್ಮಜ್ಜಿ ಮೇಲಾಣೆ. ನಮ್ಮ ಕಿಟಕಿಯಲ್ಲಿ ಬಾಟಲಿ ನೀರೊಳಗೆ ಮನಿಪ್ಲಾಂಟಿನ ಬೇರಿತ್ತು. ಗೊಬ್ಬರ ಹಾಕೋ ಚಮಚಕ್ಕೆ ಅದರ ಮೇಲೆ ಬಲು ಪ್ರೀತಿ.

"ಒಂದು ಚಮಚಕ್ಕೆ ನೀನು ಒಂದು ಎಲೆ ಬಿಟ್ಟೆ. ಹತ್ತು ಹಾಕ್ತೀನಿ, ಹತ್ತು ಬಿಡು ಮಗಾ" ಅಂತು ಚಮಚ.

"ಬೇಡಕ್ಕಾ, ನನಗಿರೋದು ಇಷ್ಟೇ ಬಾಯಿ. ತುತ್ತು ಹೆಚ್ಚಿದ್ರೆ ಬಾಯಿ ಹೆಚ್ಚುತ್ತಾ?" ಅಂತು ಬೇರು.

ಚಮಚ ಕೇಳದೆ ಸುರೀತು. ಗೊಬ್ಬರವೂ ಒಂಥರಾ ಉಪ್ಪೇ ನೋಡು, ನೀರು ಉಪ್ಪುಪ್ಪಾಗಿ ಬೇರಿನ ಮೈಯೊಳಗಿನ ನೀರನ್ನೇ ಎಳಕೊಂಡುಬಿಡ್ತು. ಗಿಡ ಜೋತುಬಿತ್ತು. ಚಮಚಕ್ಕೆ ಅಳು ಬಂತು. ಕಣ್ಣೀರೂ ಉಪ್ಪಲ್ವಾ, ಅದಕ್ಕೇ ತಡಕೊಂಡು, ಆ ನೀರನ್ನೆಲ್ಲ ಮೊಗೆದು ಚೆಲ್ಲಿ ಹೊಸ ನೀರು ತುಂಬಿತು. "ಇನ್ಮೇಲೆ ನೀನು ಕೇಳಿದಷ್ಟೇ ಬಡಿಸ್ತೀನಿ" ಅಂತು.

ಅದೇ ಗಿಡ ನೋಡು ಅಲ್ಲಿ, ಆವತ್ತಿಂದ ಒಂದೆಲೆಯೂ ಬಾಡಿಲ್ಲ!

"ತಾತಾ, ಅದು ಪ್ಲಾಸ್ಟಿಕ್ ಗಿಡ!"