ತಾನಾಗಿ ಹೊತ್ತುವ ದೀಪ

“ಇನ್ನು ನಮ್ಮೂರಲ್ಲಿ ದೀಪ ಹಚ್ಚುವ ಕೆಲಸವೇ ಇಲ್ಲ!” ಎಂದು ಹಾಲಗೊಂಡಿಯ ಅರಸ ಮಲ್ಲರಸ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಎದುರಿಗೆ ಕಮ್ಮಾರ ರಂಗೋಜ ತಾನು ಕಂಡುಹಿಡಿದ ಹೊಸ ದೀಪ ಹಿಡಿದು ನಿಂತಿದ್ದ. ಸಂಜೆಯ ತಂಪು ತಗುಲಿದರೆ ಸಾಕು, ಅದರೊಳಗಿನ ಮದ್ದು ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಊರಿನ ಪ್ರತಿ ಮನೆಯ ಸೂರಿಗೂ ಅಂಥದೊಂದು ತೂಗಬೇಕೆಂದು ಅಪ್ಪಣೆಯಾಯಿತು.

ಸಭೆಯೆಲ್ಲ ಹೂಂಗುಟ್ಟಿತು. ಆಸ್ಥಾನದ ಮಾತುಗಾರ ಗುಮ್ಮಣ್ಣ ಮಾತ್ರ ಹೂಂ ಅನ್ನದೆ ಎದ್ದು ನಿಂತ. ಸಭಿಕರದೆಲ್ಲ ಹೆಂಚಿನ ಮನೆ. ಅವನ ಕೇರಿಯವರದೆಲ್ಲ ಹುಲ್ಲಿನ ಮಾಡು.

“ರಂಗೋಜ, ಇದನ್ನು ಆರಿಸೋದು ಹೇಗಪ್ಪ?”

“ಈಗ ಹೊತ್ತೋದು ಕಲಿಸಿದ್ದೀನಿ ಸ್ವಾಮಿ. ಆರೋದು ಬರೋ ವರ್ಷ ಕಲಿಸ್ತೀನಿ.”

ಮಂತ್ರಿ ನಕ್ಕ. “ಗುಮ್ಮಣ್ಣನಿಗೆ ಹೊಸದು ಅಂದರೆ ಚಳಿಜ್ವರ. ಇಲ್ಲಿವರೆಗೆ ಈ ದೀಪದಿಂದ ಒಂದು ಗುಡಿಸಲಾದರೂ ಸುಟ್ಟಿದೆಯಾ?”

“ಹೌದಲ್ಲ!” ಎಂದ ಅರಸ. “ಗುಮ್ಮಣ್ಣ, ನಾಳೆ ಊಟದ ಹೊತ್ತಿಗೆ ಇದರಿಂದ ಸುಟ್ಟ ಒಂದೇ ಒಂದು ಮನೆ ತೋರಿಸು. ಇಲ್ಲದಿದ್ದರೆ ಮೊದಲ ದೀಪ ನಿನ್ನ ಸೂರಿಗೇ.”

ಮನೆಗೆ ಬಂದು ಹೇಳಿದರೆ ಹೆಂಡತಿ ನಾಗಲೆ ಅಣಬೆ ಬಿಡಿಸುತ್ತ ಕುಳಿತಿದ್ದವಳು ತಲೆಯನ್ನೂ ಎತ್ತಲಿಲ್ಲ. “ಸುಟ್ಟ ಮನೆ ತಾನೆ? ನಾಳೆ ಸಂಜೆತನಕ ಕಾಯೋಕೆ ಹೇಳಿ, ನಮ್ಮದನ್ನೇ ತೋರಿಸಿದರಾಯ್ತು.”

ಗುಮ್ಮಣ್ಣನಿಗೆ ನಗು ಬಂತು. ಒಳಗೆ ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗಳನ್ನು ನೋಡಿ ನಗು ಇಳಿದು ಹೆದರಿಕೆ ಹತ್ತಿತು. ತಿರುಗಿ ಅಣಬೆಯತ್ತ ನೋಡುತ್ತ, “ಆ ಅಣಬೆ ಸಾರನ್ನು ನಾಳೆ ಮಾಡೇ. ಮಸಾಲೆ ಚೆನ್ನಾಗಿ ಬೀಳಲಿ,” ಎಂದ.

ಯಾವ ಅಡಿಗೆಯಾದರೂ ತಂದವನೇ ಅರಸನ ಕಣ್ಣೆದುರು ಮೊದಲ ತುತ್ತು ತಿನ್ನಬೇಕೆಂಬುದು ಆ ಅರಮನೆಯ ಕಟ್ಟಳೆ. ಮರುದಿನ ಗುಮ್ಮಣ್ಣ ಸಾರಿನ ಪಾತ್ರೆಯನ್ನು ಅರಸನ ಎಲೆಯ ಪಕ್ಕದಲ್ಲಿಟ್ಟು ಕೈಕಟ್ಟಿ ನಿಂತ. ಘಮಕ್ಕೆ ಅರಸನ ಬಾಯಲ್ಲಿ ನೀರೂರಿತು. ಬಣ್ಣ ನೋಡಿ ಕೈ ಹಿಂದೆ ಬಂತು.

“ಇದೇನಯ್ಯ, ನೇರಳೆ ಬಣ್ಣದ ಅಣಬೆ?”

“ಹೊಸ ಜಾತಿ ಪ್ರಭು. ಈ ನಾಡಲ್ಲಿ ಯಾರೂ ಕಂಡಿಲ್ಲ.”

“ಮೊದಲ ತುತ್ತು ತಿನ್ನು ಮತ್ತೆ.”

“ಆ ಹಳೇ ಕಟ್ಟಳೆ ಯಾಕೆ? ಇಲ್ಲಿವರೆಗೆ ಈ ಅಣಬೆ ತಿಂದು ಒಬ್ಬನಾದರೂ ಸತ್ತಿದ್ದಾನಾ?”

“ವಿಷವಾಗಿದ್ದರೆ? ಇಳಿಸೋದು ಹೇಗೆ?”

“ಈಗ ಸಾರು ಮಾಡೋದು ಕಲಿತಿದ್ದೀನಿ. ವಿಷ ಇಳಿಸೋದು ಬರೋ ವರ್ಷ ಕಲೀತೀನಿ.”

ಪಕ್ಕದ ಎಲೆಯಲ್ಲಿದ್ದ ಮಂತ್ರಿಗೆ ಯಾಕೋ ಕೆಮ್ಮು ಹತ್ತಿತು.

ಅರಸ ಕೆಂಡವಾದ. “ಯಾರೂ ತಿನ್ನದ ಅಣಬೆಯಿಂದ ಯಾರು ಸಾಯ್ತಾರೋ ಮಂಕೇ?”

“ಯಾರೂ ತೂಗುಹಾಕದ ದೀಪದಿಂದ ಯಾರ ಮನೆ ಸುಡುತ್ತೆ ಪ್ರಭು? ಸುಟ್ಟ ಮನೆ ಎಲ್ಲಿಂದ ತರಲಿ?”

ಅರಸ ಒಮ್ಮೆ ಸಾರನ್ನು ನೋಡಿದ, ಒಮ್ಮೆ ಗುಮ್ಮಣ್ಣನನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. “ಸರಿ, ದೀಪಕ್ಕೂ ಮೊದಲ ತುತ್ತಿನ ಕಟ್ಟಳೆ ಆಗಲಿ,” ಎಂದ.

ಅಂದು ಸಂಜೆ ಊರಾಚೆಯ ಬಯಲಲ್ಲಿ ಖಾಲಿ ಹುಲ್ಲುಗುಡಿಸಲೊಂದನ್ನು ಕಟ್ಟಿ, ಸೂರಿಗೆ ದೀಪ ತೂಗಿದರು. ಅರಸ ಒಂದು ವೀಳ್ಯ ಮಡಿಸುವಷ್ಟರಲ್ಲಿ ಗುಡಿಸಲು ಬೂದಿಯಾಯಿತು. ಆರುವುದನ್ನು ಕಲಿಯುವ ತನಕ ದೀಪ ಯಾರ ಮನೆಗೂ ಬೇಡವೆಂದು ಅಪ್ಪಣೆಯಾಯಿತು. ರಂಗೋಜ ತಲೆ ಕೆರೆದುಕೊಳ್ಳುತ್ತ ಕುಲುಮೆಗೆ ಹೋದ.

“ಸುಟ್ಟ ಮನೆ ತೋರಿಸಿದ್ದೀನಿ ಪ್ರಭು. ಸ್ವಲ್ಪ ತಡವಾಯ್ತು,” ಎಂದ ಗುಮ್ಮಣ್ಣ.

ಅರಸ ತನ್ನ ಶಾಲನ್ನೇ ತೆಗೆದು ಅವನಿಗೆ ಹೊದಿಸಿದ. “ಅದಿರಲಿ, ಆ ಅಣಬೆ ನಿಜವಾಗಿಯೂ ಹೊಸದಾ?”

“ನಿಮ್ಮ ಬಾಣಸಿಗ ದಿನಾ ತರೋದೇ. ಬಣ್ಣಕ್ಕೆ ಬಸಳೆ ಹಣ್ಣಿನ ರಸ ಹಿಂಡಿದ್ದೆ.”

“ಅಯ್ಯೋ ಕಳ್ಳ! ಹಾಗಾದರೆ ತಾ ಆ ಸಾರು.”

ಗುಮ್ಮಣ್ಣ ಶಾಲಿನ ಅಂಚಿನಿಂದ ಬಾಯಿ ಒರೆಸಿಕೊಂಡ. “ಪರೀಕ್ಷೆ ಮುಗೀತು ಪ್ರಭು. ಮೊದಲ ತುತ್ತಿನಿಂದ ಕೊನೇ ತುತ್ತಿನವರೆಗೂ ಅಪಾಯ ಏನೂ ಇರಲಿಲ್ಲ.”