ಜವಳಿ ವ್ಯಾಪಾರಿಯ ಸಂತೆ

"ಬುದ್ಧಿ, ವಾರದ ಸಂತೆಯಿಂದ ಸಾಮಾನು ಎಷ್ಟು ತಂದರೆ ಸರಿ?" ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಮಠದ ಉಗ್ರಾಣ ಅವನ ಕೈಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಕಡಿಮೆ ತಂದರೆ ವಾರದ ಕೊನೆಗೆ ಪರದಾಟ. ಹೆಚ್ಚು ತಂದರೆ ತರಕಾರಿ ಕೊಳೆಯುತ್ತದೆ, ಬೇಳೆಗೆ ಹುಳು ಬೀಳುತ್ತದೆ. ಅವನು ಎರಡನ್ನೂ ಮಾಡಿ ನೋಡಿದ್ದ.

"ಕೂತುಕೋ ಮರಿ," ಎಂದರು ಗುರುಗಳು. ಅವನು ಕೂತ. ಅವರು ಹೇಳಿದರು.

ಒಂದು ಊರಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಮನೆಯಲ್ಲಿ ಅವನ ಮುದಿ ತಾಯಿ, ಹೆಂಡತಿ, ಮಕ್ಕಳು. ಸಂತೆಗೆ ಹೋಗುವುದು ಹೆಂಡತಿಯ ಕೆಲಸವಾಗಿತ್ತು. ಅವಳು ಸಂತೆಯಲ್ಲಿ ಹೋದ ಅಂಗಡಿಗೇ ಮತ್ತೆ ಮತ್ತೆ ಹೋಗುತ್ತಿದ್ದಳು. ಟೊಮೇಟೊ ಚೀಲದ ತಳದಲ್ಲಿ, ಕುಂಬಳಕಾಯಿ ಮೇಲೆ. ಉಪ್ಪು ಇದ್ದಾಗ ಉಪ್ಪು ತರುತ್ತಿದ್ದಳು. ಸಾಸಿವೆ ಮುಗಿದಾಗ ಸಾಸಿವೆ ಮರೆಯುತ್ತಿದ್ದಳು.

ವ್ಯಾಪಾರಿಗೆ ಇದನ್ನು ಸಹಿಸಲಾಗಲಿಲ್ಲ. "ಇನ್ನು ಮೇಲೆ ಸಂತೆ ನನಗೆ ಬಿಡು," ಎಂದ.

"ಬಿಟ್ಟೆ. ನಿಮ್ಮ ಕಾಲು, ನಿಮ್ಮ ಚೀಲ," ಎಂದು ಅವಳು ನಕ್ಕಳು.

ಅವನು ಕೆಲಸ ಬಲ್ಲವ. ಹೊರಡುವ ಮುಂಚೆ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಿದ್ದ. ಬೇಳೆಕಾಳು, ಎಣ್ಣೆ, ಬೆಲ್ಲ ತಿಂಗಳಿಗೊಮ್ಮೆ. ಸೊಪ್ಪು, ತರಕಾರಿ ವಾರಕ್ಕೊಮ್ಮೆ. ಸಂತೆಯ ಈ ತುದಿಯಿಂದ ಹೊಕ್ಕರೆ ಆ ತುದಿಯಿಂದ ಹೊರಬರುತ್ತಿದ್ದ. ಹಿಂದಕ್ಕೆ ತಿರುಗುತ್ತಿರಲಿಲ್ಲ. ಭಾರದ್ದು ಮೊದಲು, ಸೊಪ್ಪು ಕೊನೆಗೆ. ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ: ಸೊಪ್ಪು ಇವತ್ತೇ ಆಗಬೇಕು, ಬದನೆಕಾಯಿ ನಾಳೆ ನಾಡಿದ್ದು, ಕುಂಬಳಕಾಯಿ ಕಾಯುತ್ತದೆ, ವಾರದ ಕೊನೆಗೆ ಹುರುಳಿಕಾಳು ಇದ್ದೇ ಇದೆ. ಮನೆಯಲ್ಲಿ ಕೊಳೆಯುವುದು ನಿಂತಿತು. ಸಾಸಿವೆ ಡಬ್ಬಿ ಬರಿದಾಗಲಿಲ್ಲ.

ಮರುಳಸಿದ್ಧ, ಇಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಸರಿ. ನೀನೂ ಹಾಗೇ ಮಾಡು.

ಆದರೆ ಅವನು ಅಷ್ಟಕ್ಕೆ ನಿಲ್ಲಲಿಲ್ಲ. ಅವನ ಅಂಗಡಿಯಲ್ಲಿ ಒಂದು ನಿಯಮವಿತ್ತು. ಹಬ್ಬ ಮುಗಿದ ಮೇಲೆ ಕಪಾಟಿನಲ್ಲಿ ಉಳಿದ ಬಟ್ಟೆ ಯಾರಿಗೂ ಬೇಡದ ಬಟ್ಟೆ. ಮುಂದಿನ ಸಲ ಅಷ್ಟು ಕಡಿಮೆ ತರಿಸಬೇಕು. ಆ ನಿಯಮದಿಂದ ಅವನ ಅಂಗಡಿ ಬೆಳೆದಿತ್ತು. ಅದನ್ನೇ ಅಡುಗೆಮನೆಗೂ ತಂದ.

ತಾನು, ತಾಯಿ, ಮಕ್ಕಳು ಉಂಡು ಕೈ ತೊಳೆದ ಮೇಲೆ ಒಳಗೆ ಹೋಗಿ ಪಾತ್ರೆಗಳಲ್ಲಿ ಇಣುಕುತ್ತಿದ್ದ. ಒಂದು ಮುದ್ದೆ, ಒಂದೆರಡು ಸೌಟು ಸಾರು, ತಳದಲ್ಲಿ ಒಂದಿಷ್ಟು ಪಲ್ಯ ಇರುತ್ತಿತ್ತು. "ನೋಡು, ಇಷ್ಟು ಹೆಚ್ಚಾಯಿತು," ಎನ್ನುತ್ತಿದ್ದ. ಮುಂದಿನ ಸಂತೆಯಲ್ಲಿ ಅಷ್ಟು ಕಡಿಮೆ ತರುತ್ತಿದ್ದ. ಮತ್ತೆ ಇಣುಕುತ್ತಿದ್ದ. ಮತ್ತೆ ಕಡಿಮೆ ಮಾಡುತ್ತಿದ್ದ. ಕೊನೆಗೆ ಒಂದು ದಿನ ಪಾತ್ರೆಗಳೆಲ್ಲ ಬರಿದಾಗಿದ್ದವು.

ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. "ನೋಡಿದೆಯಾ, ಒಂದು ಅಗುಳೂ ದಂಡವಾಗಿಲ್ಲ," ಎಂದು ಹೆಂಡತಿಯನ್ನು ಕರೆದು ತೋರಿಸಿದ. ಅವನ ಮುಖ ಆಗ ಮಗುವಿನ ಮುಖದಂತಿತ್ತು. ಅದನ್ನು ನೋಡಿ ಅವಳಿಗೆ ಏನೂ ಹೇಳಲು ಮನಸ್ಸು ಬರಲಿಲ್ಲ.

"ಜಾಣರು ನೀವು," ಎಂದಳು.

ಅವನು ಅಂಗಡಿಗೆ ಹೋದ. ಅವಳು ಪಾತ್ರೆಗೆ ಅಂಟಿದ್ದನ್ನು ಕೆರೆದು ತಿಂದು ಮಜ್ಜಿಗೆ ಕುಡಿದಳು.

ಅಕ್ಕಪಕ್ಕದ ಅಂಗಡಿಯವರು ಅವನನ್ನು ಕೇಳಿಕೊಂಡು ಸಂತೆಗೆ ಹೋಗತೊಡಗಿದರು. "ನಮ್ಮ ಮನೆಯಲ್ಲಿ ದಿನಾ ಉಳಿಯುತ್ತದಲ್ಲ ಮಾರಾಯ," ಎಂದು ಒಬ್ಬ ಗೋಳಾಡಿದ. "ಉಳಿಯುವ ಹಾಗೆ ಯಾಕೆ ತರುತ್ತೀ?" ಎಂದು ಇವನು ಕೇಳಿದ. ಅಷ್ಟರಲ್ಲಿ ಹೆಂಡತಿ ಸೊರಗಿದ್ದಳು. ಅವನು ಅದನ್ನು ಕಾಣಲಿಲ್ಲ. ಅವನು ನೋಡುತ್ತಿದ್ದುದು ಪಾತ್ರೆಯನ್ನು.

ಹೀಗಿರುವಾಗ ತಮ್ಮನ ಹೆಂಡತಿಯ ಸೀಮಂತಕ್ಕೆಂದು ಅವಳು ತವರಿಗೆ ಹೋದಳು. ವ್ಯಾಪಾರಿ ಸಂತೆಗೆ ಹೊರಟ. ಮನೆಯಲ್ಲಿ ಒಬ್ಬರು ಕಡಿಮೆ. ಒಬ್ಬರ ಪಾಲು ಕಳೆದು ಸಾಮಾನು ತಂದ. ಅದರಂತೆಯೇ ತಾಯಿಗೆ ಹಿಟ್ಟು, ಬೇಳೆ ಅಳೆದು ಕೊಟ್ಟ. ಮುದುಕಿ ಅಡುಗೆ ಮಾಡಿ ಬಡಿಸಿದಳು.

ಮೊದಲ ದಿನವೇ ಸಾಲಲಿಲ್ಲ. ಮಕ್ಕಳು ಇನ್ನೂ ಬೇಕೆಂದು ತಟ್ಟೆ ಬಡಿದರು. ಅವನು ಅರೆಹೊಟ್ಟೆಯಲ್ಲಿ ಎದ್ದ. ಕೊನೆಗೆ ಕೂತ ಮುದುಕಿಗೆ ಏನೂ ಇರಲಿಲ್ಲ.

"ಅವ್ವಾ, ಅವಳ ಪಾಲು ಮಾತ್ರ ಕಳೆದಿದ್ದೇನೆ. ಸಾಲದೆ ಹೇಗೆ ಹೋಯಿತು?"

ಮುದುಕಿ ಬರಿ ಪಾತ್ರೆಯನ್ನು ಅವನ ಮುಂದೆ ತಳ್ಳಿದಳು.

"ಕಳೆಯೋದಕ್ಕೆ ಅವಳ ಪಾಲು ಅಂತ ಯಾವತ್ತು ತಂದಿದ್ದೆಯೋ ಮುಠ್ಠಾಳ? ನೀನು ಹೆಚ್ಚಾಯಿತು ಹೆಚ್ಚಾಯಿತು ಅಂತ ಕಡಿಮೆ ಮಾಡಿದ್ದು ಅವಳ ಊಟ. ನನಗೂ ಈಗ ಗೊತ್ತಾಯಿತು, ಇಲ್ಲಿ ಕೊನೆಗೆ ಕೂತ ಮೇಲೆ. ಆ ಕಾಲದಲ್ಲಿ ನಾನೂ ಕೊನೆಗೇ ಉಂಡವಳು. ಆದರೆ ನಿಮ್ಮಪ್ಪ ಪುಣ್ಯಾತ್ಮ, ಸಂತೆಗೆ ಹೋಗುತ್ತಿರಲಿಲ್ಲ."

ಮರುದಿನ ವ್ಯಾಪಾರಿ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹೆಂಡತಿಯ ಊರಿಗೆ ನಡೆದ. ಹೋಗಿ ಸೇರುವಾಗ ಊಟದ ಹೊತ್ತು. ಅತ್ತೆ ಬಡಿಸುತ್ತಿದ್ದಳು, ಹೆಂಡತಿ ಕೂತು ಉಣ್ಣುತ್ತಿದ್ದಳು. ಮದುವೆಯ ದಿನ ಜೊತೆಗೆ ಉಂಡದ್ದು ಬಿಟ್ಟರೆ ಅವಳು ಉಣ್ಣುವುದನ್ನು ಅವನು ಕಂಡಿರಲಿಲ್ಲ. ಬಾಗಿಲಲ್ಲೇ ನಿಂತು ನೋಡಿದ. ಅವಳು ದೊಡ್ಡ ದೊಡ್ಡ ತುತ್ತು ಮಾಡಿ ಉಣ್ಣುತ್ತಿದ್ದಳು.

ಗಂಡನನ್ನು ಕಂಡು ಅವಳು ಎಂಜಲು ಕೈಯಲ್ಲೇ ಏಳಹೋದಳು.

"ಏಳಬೇಡ," ಎಂದು ಅವನು ಎದುರಿಗೆ ಕೂತ.

"ಏನಾಯಿತು? ಮಕ್ಕಳು ಚೆನ್ನಾಗಿದ್ದಾರೆ ತಾನೆ?"

"ಚೆನ್ನಾಗಿದ್ದಾರೆ. ನಿನಗೆ ಯಾವ ತರಕಾರಿ ಇಷ್ಟ?"

"ಇದನ್ನು ಕೇಳುವುದಕ್ಕೆ ಅಷ್ಟು ದೂರದಿಂದ ಬಂದಿರಾ ಅಳಿಯಂದಿರೇ?" ಎಂದು ಅತ್ತೆ ಸೌಟು ಹಿಡಿದುಕೊಂಡೇ ನಕ್ಕಳು. ಅಳಿಯ ನಗಲಿಲ್ಲ. ಅವನ ಕಣ್ಣು ಹೆಂಡತಿಯ ಮೇಲೆಯೇ ಇತ್ತು.

ಅವಳು ಬಹಳ ಹೊತ್ತು ಯೋಚಿಸಿದಳು. ಆ ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಿರಲಿಲ್ಲ.

"ಹೀರೇಕಾಯಿ," ಎಂದಳು.

ಅದನ್ನು ಅವನು ಸಂತೆಯಿಂದ ಯಾವತ್ತೂ ತಂದಿರಲಿಲ್ಲ. ಸಂತೆ ಅವಳ ಕೈಯಲ್ಲಿದ್ದಾಗ ಅವಳೂ ತಂದಿರಲಿಲ್ಲ. ಅವನಿಗೆ ಹೀರೇಕಾಯಿ ಸೇರುತ್ತಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ, ಬುದ್ಧಿ?"

"ಆಮೇಲೇನು. ಮುಂದಿನ ಸಂತೆಯಲ್ಲಿ ಹೀರೇಕಾಯಿ ತಂದ. ಅವಳ ಜೊತೆಗೆ ಕೂತು ಅವನೂ ತಿಂದ."

"ಅವನಿಗೆ ಸೇರಿತೆ?"

"ಇಲ್ಲ."

ಮರುಳಸಿದ್ಧ ನಕ್ಕ. ಆಮೇಲೆ ಚೀಲ ಕೈಗೆ ತೆಗೆದುಕೊಂಡು ಎದ್ದು ನಿಂತ. "ಹಾಗಾದರೆ ನಾನು ಎಷ್ಟು ತರಲಿ, ಬುದ್ಧಿ?"

"ನಮಗೆಲ್ಲ ಬಡಿಸಿ ಆಮೇಲೆ ಉಣ್ಣುವ ಪುಟ್ಟೀರಮ್ಮನಿಗೆ ಯಾವ ತರಕಾರಿ ಇಷ್ಟ, ಮೊದಲು ಅದನ್ನು ಹೇಳು," ಎಂದರು ಗುರುಗಳು.